ಸಾಲು ನಿಲ್ಲಿಸುವವಳು

ಠಾಣೆಯ ಬೀದಿಯಲ್ಲಿ ಆಕೆ ನಡೆದು ಬರುವುದು ಕಂಡರೆ ಗಂಡಸರು ಮುಖ ಮುಚ್ಚಿಕೊಳ್ಳುತ್ತಿದ್ದರು. ಹೆದರಿಕೆಯಿಂದಲ್ಲ, ತಮಾಷೆಗೆ. ಕ್ಷೌರದಂಗಡಿಯವನು ಕತ್ತರಿಯನ್ನು ಗಾಳಿಯಲ್ಲೇ ತಡೆದು, "ತದ್ರೂಪಕ್ಕ ಬಂದ್ಲು, ಮೂಗು ಅಡಗಿಸ್ಕೊಳ್ರೋ" ಎನ್ನುತ್ತಿದ್ದ. ಎದುರಿನ ಬೇಕರಿಯವನು ಹಿಟ್ಟಿನ ಕೈಯಲ್ಲೇ ಮುಖ ಮರೆಮಾಡುತ್ತಿದ್ದ. ಆಕೆ ನಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಅವರ ದವಡೆ, ಹುಬ್ಬು, ಹೆಗಲಿನ ಇಳಿಜಾರು ನೋಡುತ್ತ ಮುಂದೆ ಹೋಗುತ್ತಿದ್ದಳು.

ಆಕೆ ಹೆಡ್ ಕಾನ್‌ಸ್ಟೇಬಲ್. ಒಬ್ಬನಂತೆ ಕಾಣುವ ಇನ್ನಷ್ಟು ಜನರನ್ನು ಹುಡುಕಿ ತರುವುದು ಆಕೆಯ ಕೆಲಸಗಳಲ್ಲಿ ಒಂದು. ಹಲ್ಲೆಯೋ ಕಳ್ಳತನವೋ ನಡೆದು ಯಾರನ್ನಾದರೂ ಅನುಮಾನದ ಮೇಲೆ ಹಿಡಿದಾಗ, ಅವನೊಬ್ಬನನ್ನೇ ಸಾಕ್ಷಿಯ ಮುಂದೆ ನಿಲ್ಲಿಸಿ "ಇವನೇನಾ" ಎಂದು ಕೇಳುವಂತಿಲ್ಲ. ಹಾಗೆ ಕೇಳಿದರೆ ಹೆಚ್ಚಿನವರು ಹೌದೆಂದೇ ಹೇಳುತ್ತಾರೆ. ಅದಕ್ಕೇ ಪ್ರಕರಣಕ್ಕೆ ಯಾವ ಸಂಬಂಧವೂ ಇಲ್ಲದ, ಆದರೆ ನೋಡಲು ಅವನಂತೆಯೇ ಇರುವ ಕೆಲವರ ನಡುವೆ ಅವನನ್ನು ನಿಲ್ಲಿಸುತ್ತಾರೆ. ಮ್ಯಾಜಿಸ್ಟ್ರೇಟರು ಬಂದು ಕೂರುತ್ತಾರೆ. ಸಾಕ್ಷಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋಗಬೇಕು. ಸರಕಾರಿ ಭಾಷೆಯಲ್ಲಿ ಅದಕ್ಕೆ ಗುರುತು ಪತ್ತೆ ಪರೇಡು ಎಂದು ಹೆಸರು. ಠಾಣೆಯವರ ಬಾಯಲ್ಲಿ ಅದು ಬರೀ ಸಾಲು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆ ನೋಡಿದ ಮೊದಲ ಸಾಲಿನಲ್ಲಿ, ಉದ್ದ ಕೂದಲಿನ ಬಡಕಲು ಹುಡುಗನೊಬ್ಬನ ಎಡಬಲಕ್ಕೆ ತಲೆ ನುಣ್ಣಗೆ ಕತ್ತರಿಸಿಕೊಂಡ, ಹೊಟ್ಟೆ ಬಂದ ಪೊಲೀಸರನ್ನೇ ನಿಲ್ಲಿಸಿದ್ದರು. ಸಾಕ್ಷಿಗೂ ನಗು ಬಂದಿತ್ತು. ಆಕೆ ಅಂದಿನ ಸಾಹೇಬರ ಬಳಿ ಹೋಗಿ, ಇದು ಸರಿಯಿಲ್ಲ ಸರ್ ಎಂದಳು. ಹಾಗಾದರೆ ಇನ್ನು ಮೇಲೆ ನೀನೇ ನಿಲ್ಲಿಸು ಎಂದು ಅವರು ಕೈ ತೊಳೆದುಕೊಂಡರು. ಅಂದಿನಿಂದ ಸಾಲು ಆಕೆಯದು.

ಸೀರೆಗೆ ಹೊಂದುವ ದಾರ ಆರಿಸುವವರಂತೆ ಆಕೆ ಮುಖಗಳನ್ನು ಆರಿಸುತ್ತಿದ್ದಳು. ಆರೋಪಿಯ ಹುಬ್ಬಿನ ಮೇಲೆ ಗಾಯದ ಗುರುತಿದ್ದರೆ ಸಾಲಿನಲ್ಲಿದ್ದ ಎಲ್ಲರ ಹುಬ್ಬಿಗೂ ಪಟ್ಟಿ ಅಂಟಿಸುವಳು. ಲಾಕಪ್ಪಿನಲ್ಲಿದ್ದವನ ಅಂಗಿ ಮುದುರಿರುತ್ತದೆಂದು ಮಿಕ್ಕವರ ಇಸ್ತ್ರಿ ಅಂಗಿಯನ್ನೂ ಮುದುರಿಸಿ ತೊಡಿಸುವಳು. ಬೆಲ್ಟು, ಕೈಗಡಿಯಾರ, ಚಪ್ಪಲಿ ಎಲ್ಲವೂ ಮೇಜಿನ ಕೆಳಗೆ. ಯಾರೂ ನಗಬಾರದು, ಕೆಮ್ಮಬಾರದು. ಆಕೆಯ ಸಾಲನ್ನು ನೋಡಲು ಬೇರೆ ಠಾಣೆಗಳಿಂದಲೂ ಬರುತ್ತಿದ್ದರು.

ಸಾಲಿಗೆ ಜನ ಸಿಗುವುದೇ ದೊಡ್ಡ ಪಾಡು. ಸಂಬಂಧವಿಲ್ಲದ ಯಾವ ಮನುಷ್ಯ ಠಾಣೆಯ ಮೆಟ್ಟಿಲು ಹತ್ತಿ, ಕಳ್ಳನ ಪಕ್ಕದಲ್ಲಿ ನಿಲ್ಲಲು ಒಪ್ಪುತ್ತಾನೆ? ಬೀದಿಯವರು ಮಾತ್ರ ಒಪ್ಪುತ್ತಿದ್ದರು, ಅದೂ ಆಕೆಯ ಮುಖ ನೋಡಿ. ಒಂದು ಲೋಟ ಚಹಾ ಕುಡಿದು, ನಿಂತು, ಹೋಗುತ್ತಿದ್ದರು. ಅವರಲ್ಲೂ ಬಿಂಕ ಬೆಳೆದಿತ್ತು. ಎರಡು ಸಾಲಿಗೆ ಸತತವಾಗಿ ಕರೆ ಬರದಿದ್ದರೆ ಬೇಕರಿಯವನು ಮುನಿಸಿಕೊಂಡು, "ಏನಕ್ಕ, ನನ್ನ ಮುಖಕ್ಕೆ ಈಗ ಬೇಡಿಕೆ ಇಲ್ವಾ?" ಎಂದು ಕೇಳುತ್ತಿದ್ದ.

ಮನೆಯಲ್ಲಿ ಆಕೆ ಮತ್ತು ಅತ್ತೆ, ಇಬ್ಬರೇ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಒಗ್ಗಿಕೊಂಡು, ಜಗಳವಾಡಿಕೊಂಡು, ಒಂದೇ ದೀಪದ ಕೆಳಗೆ ಉಣ್ಣುತ್ತಿದ್ದರು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರು. ದಿನವೂ ಔಷಧಿ ಹಾಕಬೇಕಿತ್ತು. ಸೊಸೆ ರೆಪ್ಪೆ ಬಿಡಿಸಿ ಹನಿ ಬಿಡುವಾಗ ಮುದುಕಿ ಸುಮ್ಮನಿರುತ್ತಿರಲಿಲ್ಲ. ಬೆಳಗಿಂದ ಸಂಜೆ ತನಕ ಗಂಡಸರ ಮುಖ ನೋಡೋದಕ್ಕೆ ಸರಕಾರ ಸಂಬಳ ಬೇರೆ ಕೊಡುತ್ತಲ್ಲೇ, ನನ್ನ ಕಾಲದಲ್ಲಿ ಕಿಟಕಿಯಲ್ಲಿ ಇಣುಕಿದರೆ ಏಟು ಬೀಳ್ತಿತ್ತು ಎನ್ನುವಳು.

ಇಷ್ಟು ವರ್ಷದಲ್ಲಿ ಒಮ್ಮೆ ಮಾತ್ರ ಯಾರೋ ಆಕೆಯ ಸಾಲಿನ ಬಗ್ಗೆ ತಕರಾರು ತೆಗೆದಿದ್ದರು. ತರಬೇತಿ ಶಾಲೆಗೆ ಕಾಲೇಜಿನಿಂದ ಬಂದಿದ್ದ ಅಧ್ಯಾಪಕಿ. ಜನರ ನೆನಪು ಹೇಗೆ ಕೆಲಸ ಮಾಡುತ್ತದೆ, ಸಾಕ್ಷಿಗಳು ಎಲ್ಲಿ ಎಡವುತ್ತಾರೆ ಎಂಬುದನ್ನೇ ಓದಿಕೊಂಡಿದ್ದವಳು. ಸಾಲು ನಡೆಸುವವರಿಗೆ ಆರೋಪಿ ಯಾರೆಂಬುದು ಗೊತ್ತೇ ಇರಬಾರದು ಎಂದು ಆಕೆ ಹೇಳಿದಾಗ ತದ್ರೂಪಕ್ಕನಿಗೆ ಮೈ ಉರಿದು, ಎದ್ದು ನಿಂತು, "ಅಂದ್ರೆ ನಾವು ಸಾಕ್ಷಿಗೆ ಕಣ್ಣು ಹೊಡೀತೀವಿ ಅಂತಾನಾ ಮೇಡಂ?" ಎಂದು ಕೇಳಿದ್ದಳು. ಕೋಣೆಯೆಲ್ಲ ಗೊಳ್ಳೆಂದಿತ್ತು. ಅಧ್ಯಾಪಕಿಯೂ ನಕ್ಕಳು. ಆಮೇಲೆ ಮೆಲ್ಲಗೆ, "ನೀವು ಕಣ್ಣು ಹೊಡಿಯಲ್ಲ. ಆದ್ರೆ ಸಾಕ್ಷಿ ಅವನ ಮುಂದೆ ಬಂದಾಗ ನಿಮ್ಮ ಉಸಿರು ಒಂದು ಗಳಿಗೆ ನಿಲ್ಲುತ್ತೆ. ಅವರಿಗೆ ಅಷ್ಟು ಸಾಕು" ಎಂದಳು. ಬಸ್ಸಿನಲ್ಲಿ ಮನೆಗೆ ಬರುವಾಗ ತದ್ರೂಪಕ್ಕ ಕಿಟಕಿಯ ಕಡೆ ಮುಖ ಮಾಡಿ, ಓದಿದವರಿಗೆ ಹೇಳುವುದು ಸುಲಭ ಎಂದು ಗೊಣಗಿಕೊಂಡಿದ್ದಳು. ಆ ವಿಷಯ ಅಲ್ಲಿಗೇ ಮುಗಿದಿತ್ತು.

ಬೀದಿಯ ಕೊನೆಯಲ್ಲಿದ್ದ ಔಷಧಿ ಅಂಗಡಿಗೆ ಒಂದು ಮಧ್ಯಾಹ್ನ ಒಬ್ಬ ನುಗ್ಗಿ, ಕಬ್ಬಿಣದ ಸರಳಿನಿಂದ ಗಾಜು ಒಡೆದು, ನಿದ್ದೆಮಾತ್ರೆಯ ಡಬ್ಬಗಳನ್ನು ಬಾಚಿಕೊಂಡ. ತಡೆಯಲು ಹೋದ ಅಂಗಡಿಯಾಕೆಯ ಹಣೆಗೆ ಹೊಡೆದು ಓಡಿದ. ಇಡೀ ಬೀದಿ ಆಕೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿತು. ಹಣೆಗೆ ಹೊಲಿಗೆ ಬಿತ್ತು. ಎತ್ತರದ ಆಳು, ಗುಂಗುರು ಕೂದಲು, ಕುರುಚಲು ಗಡ್ಡ ಎಂದಷ್ಟೇ ಆಕೆ ಹೇಳಬಲ್ಲವಳಾಗಿದ್ದಳು.

ಕೆಲವು ದಿನಗಳಲ್ಲೇ ಕಾಲುವೆಯ ಆಚೆ ದಡದಿಂದ ಗೋಡೆಗೆ ಬಣ್ಣ ಬಳಿಯುವ ಒಬ್ಬ ಹುಡುಗನನ್ನು ಹಿಡಿದು ತಂದರು. ಎತ್ತರ, ಗುಂಗುರು ಕೂದಲು, ಗಡ್ಡ ಎಲ್ಲವೂ ಇತ್ತು. ಹಿಂದೆ ಒಂದು ಹೊಡೆದಾಟದಲ್ಲಿ ಹೆಸರಿತ್ತು. ಆ ಮಧ್ಯಾಹ್ನ ಎಲ್ಲಿದ್ದೆ ಎಂದರೆ ಕೆಲಸ ಸಿಗದೆ ಮನೆಯಲ್ಲಿ ಮಲಗಿದ್ದೆ ಎಂದ. ಅವನ ಅಕ್ಕ ದಿನವೂ ಊಟದ ಡಬ್ಬಿ ಹಿಡಿದು ಬಂದು ಠಾಣೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಯಾರನ್ನೂ ಏನೂ ಬೇಡುತ್ತಿರಲಿಲ್ಲ.

ತದ್ರೂಪಕ್ಕ ತನ್ನ ಬಾಳಿನಲ್ಲೇ ಅತ್ಯಂತ ಚೆಂದದ ಸಾಲು ನಿಲ್ಲಿಸಿದಳು. ಬೇಕರಿಯವನು, ಬೀಗ ರಿಪೇರಿಯವನು, ಸೈಕಲ್ ಅಂಗಡಿಯವನು, ಕ್ಷೌರದಂಗಡಿಯವನ ತಮ್ಮ, ಝೆರಾಕ್ಸ್ ಅಂಗಡಿಯವನು. ಗಡ್ಡ ಬಿಡಿ ಎಂದು ಮೊದಲೇ ಹೇಳಿಟ್ಟಿದ್ದಳು. ಬಣ್ಣದವನ ಉಗುರಿನಲ್ಲಿ ಬಣ್ಣದ ಕಲೆ ಇದ್ದದ್ದರಿಂದ ಎಲ್ಲರ ಕೈಯನ್ನೂ ಬೆನ್ನ ಹಿಂದೆ ಕಟ್ಟಿಸಿದಳು. ಔಷಧಿ ಅಂಗಡಿಯಾಕೆ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದಳು. ಸಾಲಿನ ಮುಂದೆ ನಡೆದಳು. ತಡೆಯಲಿಲ್ಲ, ಹಿಂದಿರುಗಲಿಲ್ಲ. ಬಣ್ಣದವನ ಮುಂದೆ ನಿಂತು, "ಇವನೇ" ಎಂದಳು. ಇಷ್ಟು ನಿಚ್ಚಳವಾದ ಗುರುತನ್ನು ತಾವು ನೋಡಿಲ್ಲ ಎಂದು ಮ್ಯಾಜಿಸ್ಟ್ರೇಟರೇ ಹೇಳಿ ಹೋದರು. ವಿಚಾರಣೆ ನಡೆಯುವ ತನಕ ಹುಡುಗನನ್ನು ಜೈಲಿಗೆ ಕಳಿಸಿದರು.

ಅದಾದ ವಾರದಲ್ಲೇ ಆಕೆ ಅತ್ತೆಯ ಕಣ್ಣಿನ ಔಷಧಿ ತರಲು ಆ ಅಂಗಡಿಗೆ ಹೋದಳು. ಹೊಸ ಗಾಜು ಹಾಕಿಸಿದ್ದರು. ಅಂಗಡಿಯಾಕೆ ಸೀಸೆಯನ್ನು ಕಾಗದದಲ್ಲಿ ಸುತ್ತುತ್ತ ಸಲುಗೆಯಿಂದ ಮಾತಿಗೆ ನಿಂತಳು. ಠಾಣೆಗೆ ಬರುವಾಗ ಕೈಕಾಲು ನಡುಗುತ್ತಿತ್ತಂತೆ. ಒಳಗೆ ಬಂದ ಮೇಲೆ ನೋಡಿದರೆ ಎಲ್ಲ ಬಲು ಸಲೀಸಾಯಿತಂತೆ.

"ನೀವಿದ್ರಿ ಅಂತ ಬದುಕಿದೆ ಅಕ್ಕ. ಎಲ್ಲ ನಮ್ಮೋರನ್ನೇ ನಿಲ್ಲಿಸಿದ್ರಲ್ಲ, ಅದಕ್ಕೇ ಧೈರ್ಯ ಬಂತು. ಅವನೊಬ್ಬನೇ ತಾನೇ ಹೊರಗಿನೋನು."

ತದ್ರೂಪಕ್ಕ ಕೈ ಚಾಚಿದ್ದವಳು ಹಾಗೇ ನಿಂತಳು. ಅಂಗಡಿಯಾಕೆ ಪೊಟ್ಟಣವನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಬೇಕಾಯಿತು.

ದವಡೆ ಹೊಂದಿತ್ತು, ಎತ್ತರ ಹೊಂದಿತ್ತು, ಗಡ್ಡ ಹೊಂದಿತ್ತು. ಸಾಕ್ಷಿ ಈ ಬೀದಿಯಲ್ಲೇ ಅಂಗಡಿ ಇಟ್ಟವಳು, ಈ ಮುಖಗಳನ್ನು ದಿನ ಬೆಳಗಾದರೆ ನೋಡುವವಳು ಎಂಬುದು ಮಾತ್ರ ತದ್ರೂಪಕ್ಕನಿಗೆ ಹೊಳೆದಿರಲಿಲ್ಲ. ಬೇಕರಿಯವನ ಸುಟ್ಟ ಕೈಗೆ ಮುಲಾಮು ಕೊಟ್ಟವಳು ಈ ಅಂಗಡಿಯಾಕೆಯೇ. ಬೀಗದವನು ಆಕೆಯ ಅಂಗಡಿಯ ಬಾಗಿಲನ್ನೇ ತೆರೆದುಕೊಟ್ಟಿದ್ದ. ಹೊಡೆದವನು ಇವರಲ್ಲ ಎಂಬುದು ಆಕೆಗೆ ನೋಡದೆಯೇ ಗೊತ್ತಿತ್ತು. ಉಳಿದವನು ಒಬ್ಬ. ಅವನ ಬದಲು ಆ ಎತ್ತರದ ಯಾವ ಗುಂಗುರು ಕೂದಲಿನವನನ್ನು ನಿಲ್ಲಿಸಿದ್ದರೂ ಆಕೆ ಬಹುಶಃ ಅವನ ಮುಂದೆಯೇ ನಿಲ್ಲುತ್ತಿದ್ದಳು.

ಮನೆಗೆ ಹೋಗಿ ಹನಿ ಹಾಕುವಾಗ ಕೈ ತಪ್ಪಿ ಔಷಧಿ ಅತ್ತೆಯ ಕೆನ್ನೆಗೆ ಹರಿಯಿತು. ಮುದುಕಿ ಒರೆಸಿಕೊಂಡು, ಏನಾಯ್ತೇ ಎಂದಳು. ಸೊಸೆ ಎಲ್ಲವನ್ನೂ ಹೇಳಿದಳು. ಅತ್ತೆ, ಹೊಡೆದವನು ಅವನಲ್ಲ ಅಂತ ನಿನಗೆ ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಸೊಸೆ. ಅವನೇ ಆಗಿದ್ದರೆ?

"ಅವನೇ ಆಗಿದ್ರೆ ಬೇರೆ ದಾರಿಯಲ್ಲಿ ಸಾಬೀತಾಗಲಿ ಅತ್ತೆ. ನನ್ನ ಸಾಲಿನಿಂದ ಆಗಬಾರದು."

ಇನ್‌ಸ್ಪೆಕ್ಟರು ಆಕೆಗಿಂತ ಚಿಕ್ಕವನು, ಒಳ್ಳೆಯವನು. ಆಕೆಯನ್ನು ಕೂರಿಸಿ ಪೂರ್ತಿ ಕೇಳಿದ. ಆಮೇಲೆ ಬಾಗಿಲು ಮುಂದೆ ಮಾಡಿದ. ಪರೇಡು ಮ್ಯಾಜಿಸ್ಟ್ರೇಟರ ಎದುರಿಗೇ ನಡೆದಿದೆ, ಸಾಕ್ಷಿ ಸುಳ್ಳು ಹೇಳಿಲ್ಲ, ನೀವು ಯಾವ ನಿಯಮವನ್ನೂ ಮುರಿದಿಲ್ಲ, ನಿಯಮದಲ್ಲಿ ಅಪರಿಚಿತರು ಎಂದರೆ ಆರೋಪಿಗೆ ಸಂಬಂಧವಿಲ್ಲದವರು ಎಂದಷ್ಟೇ ಎಂದು ಸಮಾಧಾನ ಹೇಳಿದ. ಆಕೆ ತಲೆಯಾಡಿಸಲಿಲ್ಲ. ಆಗ ಅವನು ದನಿ ತಗ್ಗಿಸಿದ.

"ಅಕ್ಕ, ಈ ಒಂದು ಸಾಲು ಕೆಟ್ಟಿತ್ತು ಅಂತ ನೀವು ಬಾಯಿ ಬಿಟ್ರೆ, ಹಿಂದಿನ ಸಾಲುಗಳೂ ಎದ್ದು ನಿಲ್ತವೆ. ಜೈಲಲ್ಲಿರೋರ ಪರ ವಕೀಲರು ನಾಳೆನೇ ಬರ್ತಾರೆ. ನಿಮ್ಮ ನಿವೃತ್ತಿಗೆ ಇನ್ನೆಷ್ಟು ದಿನ ಇದೆ?"

"ಅದನ್ನ ನಾನೂ ಯೋಚಿಸ್ದೆ ಸರ್. ಎದ್ದು ನಿಲ್ಲಲಿ."

ಅವನು ಹಣೆ ಉಜ್ಜಿಕೊಂಡ. ನಾನು ನಿಮ್ಮನ್ನು ತಡೆಯುವುದಿಲ್ಲ, ಜೊತೆಗೂ ಬರುವುದಿಲ್ಲ ಎಂದ. ಅದು ಪ್ರಾಮಾಣಿಕವಾದ ಮಾತಾಗಿತ್ತು. ಆಕೆ ನಮಸ್ಕಾರ ಹೇಳಿ ಹೊರಬಂದಳು.

ಮುಂದೆ ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ. ಹೊಸ ಸಾಲು ನಿಲ್ಲಿಸಿ, ಗೊತ್ತಿಲ್ಲದ ಮುಖಗಳನ್ನು ತಂದು, ಅಂಗಡಿಯಾಕೆಗೆ ಇನ್ನೊಮ್ಮೆ ತೋರಿಸಿದರೆ? ಅದನ್ನು ಕೇಳಲೆಂದೇ ಕಾಲೇಜಿಗೆ ಹೋಗಿ, ಹಿಂದೊಮ್ಮೆ ತಾನು ಹರಿಹಾಯ್ದಿದ್ದ ಆ ಅಧ್ಯಾಪಕಿಯ ಕೋಣೆಯ ಬಾಗಿಲು ತಟ್ಟಿದಳು. ಅಧ್ಯಾಪಕಿಗೆ ಗುರುತು ಸಿಕ್ಕಿತು. ಕಣ್ಣು ಹೊಡೆಯುವ ವಿಷಯ ಕೇಳಿದವರಲ್ಲವೇ ಎಂದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಕೆಳಗಿಳಿಸಿ ಜಾಗ ಮಾಡಿಕೊಟ್ಟಳು.

ಎರಡನೆಯ ಸಾಲು ಈಗ ಉಪಯೋಗಕ್ಕಿಲ್ಲ ಎಂದಳು ಅಧ್ಯಾಪಕಿ. ಒಮ್ಮೆ 'ಇವನೇ' ಎಂದು ಬೆರಳು ತೋರಿಸಿದ ಮೇಲೆ ಆ ಮುಖವೇ ನೆನಪಿನಲ್ಲಿ ಬೇರು ಬಿಡುತ್ತದೆ. ಹೊಡೆದವನ ಮುಖ ಎಲ್ಲಿತ್ತೋ ಅಲ್ಲಿಗೆ ಸಾಲಿನಲ್ಲಿ ನಿಂತವನ ಮುಖ ಬಂದು ಕೂರುತ್ತದೆ. ಇನ್ನು ಎಷ್ಟು ಸಲ ಕೇಳಿದರೂ ಅಂಗಡಿಯಾಕೆ ಅವನನ್ನೇ ತೋರಿಸುತ್ತಾಳೆ, ಪ್ರತಿ ಸಲವೂ ಇನ್ನಷ್ಟು ಖಚಿತವಾಗಿ. ಆಕೆಯ ತಪ್ಪಲ್ಲ, ನಮ್ಮ ಮನಸ್ಸು ಇರುವುದೇ ಹಾಗೆ.

ಹಾಗಾದರೆ ಹುಡುಗ ನಿರಪರಾಧಿ ಅಂತ ನಾನು ನ್ಯಾಯಾಲಯದಲ್ಲಿ ಹೇಳುತ್ತೇನೆ ಎಂದು ಕಾನ್‌ಸ್ಟೇಬಲ್ ಎದ್ದಳು. ಅಧ್ಯಾಪಕಿ ಆಕೆಯ ತೋಳು ಹಿಡಿದು ಕೂರಿಸಿದಳು.

"ಅದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಿದ್ರೆ ಮತ್ತದೇ ತಪ್ಪು, ಈ ಸಲ ಇನ್ನೊಂದು ಕಡೆಗೆ. ಸಾಲು ಹೇಗಿತ್ತು ಅಂತ ಹೇಳಿ. ಅಷ್ಟೇ ಹೇಳಿ. ಉಳಿದದ್ದು ಅವರ ಕೆಲಸ."

ಆಕೆಗೆ ಅದು ಕಹಿಯಾಗಿತ್ತು. ಒಪ್ಪಿಕೊಂಡಳು. ದಾರಿಯುದ್ದಕ್ಕೂ ಆ ಮಾತನ್ನು ಹೊತ್ತುಕೊಂಡು ನಡೆದಳು.

ಔಷಧಿ ಅಂಗಡಿಯಾಕೆಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ತಾನೇ ಹೋಗಿ ಹೇಳಿದಳು. ಅಲ್ಲಿ ಆಕೆ ಅಂದುಕೊಂಡಿದ್ದಕ್ಕಿಂತ ಕಷ್ಟವಾಯಿತು. ಅಂಗಡಿಯಾಕೆ ಹಣೆಯ ಹೊಲಿಗೆಯ ಗೆರೆಯನ್ನು ಮುಟ್ಟಿಕೊಂಡು, ದಿನವೂ ಕಣ್ಣು ಮುಚ್ಚಿದರೆ ಅವನೇ ಬರುತ್ತಾನೆ, ಅದೇ ಮುಖ, ನೀವು ಅಲ್ಲ ಅನ್ನುತ್ತೀರಾ ಎಂದು ಕೇಳಿದಳು.

"ಹಾಗಾದ್ರೆ ನಾನು ಸುಳ್ಳು ಹೇಳಿದ್ನಾ ಅಕ್ಕ?"

"ಇಲ್ಲಮ್ಮ. ನಾನು ನಿಮ್ಮ ಮುಂದೆ ಇಟ್ಟ ಪ್ರಶ್ನೆನೇ ಸರಿ ಇರ್ಲಿಲ್ಲ."

ಅಂಗಡಿಯಾಕೆ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಅಂದಿನಿಂದ ಅತ್ತೆಯ ಔಷಧಿಯನ್ನು ಎರಡು ಬೀದಿ ದಾಟಿ ತರಬೇಕಾಯಿತು.

ಸರಕಾರಿ ವಕೀಲರಿಗೂ ಆಕೆ ಮೊದಲೇ ತಿಳಿಸಿದಳು. ಯಾರನ್ನೂ ಕಟಕಟೆಯಲ್ಲಿ ನಿಂತು ಬೆಚ್ಚಿಬೀಳಿಸುವ ಇರಾದೆ ಇರಲಿಲ್ಲ. ವಯಸ್ಸಾದ ವಕೀಲರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ನಿಮ್ಮನ್ನು ನಾನು ಕರೆಯದಿದ್ದರೆ ಎದುರು ಪಕ್ಷದವರು ಕರೆಯುತ್ತಾರೆ, ಅದರ ಬದಲು ನಮ್ಮ ಕಡೆಯಿಂದಲೇ ಬರಲಿ ಎಂದು ನಿಟ್ಟುಸಿರುಬಿಟ್ಟರು.

ವಿಚಾರಣೆಯ ದಿನ ಹಿಂದಿನ ಬೆಂಚುಗಳಲ್ಲಿ ಠಾಣೆಯವರು ತುಂಬಿದ್ದರು. ಬಣ್ಣದವನು ಗಡ್ಡ ಬೋಳಿಸಿ ತೀರ ಎಳೆಯವನಂತೆ ಕಾಣುತ್ತಿದ್ದ. ಅವನ ಅಕ್ಕ ಗೋಡೆಗೆ ಆತು ನಿಂತಿದ್ದಳು. ತದ್ರೂಪಕ್ಕ ಸಮವಸ್ತ್ರದಲ್ಲಿ ಬಂದು, ಪ್ರಮಾಣ ಮಾಡಿ, ಸಾಲಿನಲ್ಲಿ ನಿಂತ ಒಬ್ಬೊಬ್ಬರೂ ಯಾರು, ಯಾವ ಅಂಗಡಿಯವರು, ಸಾಕ್ಷಿಗೆ ಹೇಗೆ ಪರಿಚಯ ಎಂದು ಬಿಡಿಸಿ ಹೇಳಿದಳು. ತೋಳುಗಳನ್ನು ಬಿಗಿಯಾಗಿ ಇಳಿಬಿಟ್ಟಿದ್ದಳು. ದನಿ ಎತ್ತಲಿಲ್ಲ, ಇಳಿಸಲಿಲ್ಲ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ನೇರವಾಗಿ ಕೇಳಿದರು.

"ಸಾಕ್ಷಿಗೆ ಪರಿಚಯ ಇಲ್ಲದೋರು ಆ ಸಾಲಲ್ಲಿ ಎಷ್ಟು ಜನ ಇದ್ರು?"

"ಒಬ್ಬ, ಮೇಡಂ. ಆರೋಪಿ ಮಾತ್ರ."

"ಈ ಆರೋಪಿ ನಿರಪರಾಧಿ ಅಂತ ನಿಮ್ಮ ಅಭಿಪ್ರಾಯವೋ?"

ಕಾನ್‌ಸ್ಟೇಬಲ್ ಗೋಡೆಯ ಬಳಿಯಿದ್ದ ಹೆಂಗಸಿನ ಕಡೆ ನೋಡಲಿಲ್ಲ. ನೋಡಿದ್ದರೆ ಹೌದೆಂದುಬಿಡುತ್ತಿದ್ದಳೇನೋ.

"ನನಗೆ ಗೊತ್ತಿಲ್ಲ ಮೇಡಂ. ಈ ಸಾಲಿನಿಂದ ಯಾರಿಗೂ ಗೊತ್ತಾಗಲ್ಲ. ಅಷ್ಟು ನನಗೆ ಗೊತ್ತು."

ಹಿಂದಿನ ಸಾಲುಗಳಿಗೂ ಜನ ಅಲ್ಲಿಂದಲೇ ಬರುತ್ತಿದ್ದರೇ ಎಂಬ ಪ್ರಶ್ನೆ ಬಂತು. ಬರಲೇಬೇಕಿತ್ತು. ಹೌದು, ಅದೇ ಬೀದಿಯವರು ಎಂದಳು. ಸಾಕ್ಷಿ ದೂರದವರಾಗಿದ್ದಲ್ಲಿ ಈ ತೊಡಕು ಇಲ್ಲ, ಆ ಬೀದಿಗೆ ಬಂದುಹೋಗುವವರಾಗಿದ್ದಲ್ಲಿ ಆ ಸಾಲುಗಳನ್ನೂ ಮತ್ತೆ ತೆಗೆದು ನೋಡಬೇಕು, ಯಾವುವೆಂದು ನೆನಪು ಮಾಡಿಕೊಡಲು ನಾನು ಸಿದ್ಧ ಎಂದಳು. ಹಿಂದಿನ ಬೆಂಚಿನಿಂದ ಯಾರೋ ಹಲ್ಲು ಕಚ್ಚಿ, "ಮನೆಮುರುಕಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಆಕೆಗೂ ಕೇಳಿಸಿತು.

ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದಾಯಿತು. ಉಳಿದದ್ದು ಬರಿಯ ಗುಂಗುರು ಕೂದಲು, ಹಳೆಯ ಹೊಡೆದಾಟದಲ್ಲಿ ಬಂದಿದ್ದ ಒಂದು ಹೆಸರು. ಅಷ್ಟರ ಮೇಲೆ ಯಾರನ್ನೂ ಜೈಲಿನಲ್ಲಿಡಲಾಗದು ಎಂದು ಹುಡುಗನನ್ನು ಬಿಟ್ಟರು. ಹಳೆಯ ಸಾಲುಗಳನ್ನು ಪರಿಶೀಲಿಸಲು ಒಂದು ಸಮಿತಿಯಾಯಿತು. ಅದರಲ್ಲಿ ಅಧ್ಯಾಪಕಿಯೂ ಇದ್ದಳು. ಸಮಿತಿಯ ಮುಂದೆ ತದ್ರೂಪಕ್ಕ ವಾರಕ್ಕೊಮ್ಮೆ ಹೋಗಿ ಕೂತು, ಯಾವ ಪ್ರಕರಣದ ಸಾಕ್ಷಿ ಯಾವ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿದ್ದ ಎಂಬುದನ್ನೆಲ್ಲ ಕೆದಕಿ ತೆಗೆಯುತ್ತಿದ್ದಳು. ಕೆಲವು ಸಾಲುಗಳು ಗಟ್ಟಿಯಾಗಿ ನಿಂತವು. ಕೆಲವು ನಿಲ್ಲಲಿಲ್ಲ. ನಿಲ್ಲದ ಒಂದೊಂದಕ್ಕೂ ಆಕೆಯ ಮುಖ ಸ್ವಲ್ಪ ಬಾಡುತ್ತಿತ್ತು. ಆದರೂ ಮರುವಾರ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದಳು.

ಠಾಣೆಯಲ್ಲಿ ಕೆಲವರು ಆಕೆಯ ಜೊತೆ ಮಾತು ಬಿಟ್ಟರು. ಚಹಾ ಬಂದಾಗ ಆಕೆಯ ಲೋಟ ಮರೆತುಹೋಗತೊಡಗಿತು. ಬೀದಿಯ ಗಂಡಸರಿಗೂ ಬೇಸರವಾಗಿತ್ತು. "ಇಷ್ಟು ವರ್ಷ ನಿಂತೆವು, ಈಗ ನಮ್ಮ ಮುಖ ಹಳಸಿತು ಅನ್ನಿ" ಎಂದ ಬೇಕರಿಯವನು. ಒಂದೆರಡು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಬಂದು ಬನ್ನಿನ ಪೊಟ್ಟಣವನ್ನು ಆಕೆಯ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋದ.

ಬಿಡುಗಡೆಯಾದವನ ಅಕ್ಕ ಒಮ್ಮೆ ಠಾಣೆಗೆ ಬಂದಳು, ತಮ್ಮನಿಂದ ಕಸಿದುಕೊಂಡಿದ್ದ ಬ್ರಷ್ಷು, ಬಕೆಟ್ಟು ಒಯ್ಯಲು. ತದ್ರೂಪಕ್ಕ ಅವನ್ನು ಹುಡುಕಿ ತಂದುಕೊಟ್ಟಳು. ಬ್ರಷ್ಷಿನ ಕೂದಲು ಒಣಗಿ ಕಡ್ಡಿಯಾಗಿತ್ತು. ಹೆಂಗಸು ಅದನ್ನು ಬೆರಳಿನಿಂದ ಮುರಿದು ನೋಡಿದಳು.

"ಬಿಡಿಸಿದ್ರಿ, ಸರಿ. ಒಳಗೆ ಹಾಕಿಸಿದ್ದೂ ನೀವೇ ಅಲ್ವಾ?"

"ಹೌದು."

"ಅವನು ಈಗ ಕೆಲಸಕ್ಕೆ ಹೋಗ್ತಿಲ್ಲ. ಬಾಗಿಲು ತಟ್ಟಿದ್ರೆ ಹೆದರ್ತಾನೆ."

ಕ್ಷಮಿಸಿ ಎಂದರೆ ಆ ಹೆಂಗಸಿನ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ ಎಂದು ತದ್ರೂಪಕ್ಕನಿಗೆ ಅನ್ನಿಸಿತು. ಬಕೆಟ್ಟನ್ನು ಗೇಟಿನವರೆಗೆ ಹೊತ್ತು ತಂದುಕೊಟ್ಟಳು. ಹೆಂಗಸು ಬೇಡವೆನ್ನಲಿಲ್ಲ, ಧನ್ಯವಾದವೂ ಹೇಳಲಿಲ್ಲ.

ಈಗ ಸಾಲು ಬೇರೆ ರೀತಿ ನಡೆಯುತ್ತದೆ. ನಡೆಸಲು ಇನ್ನೊಂದು ಠಾಣೆಯಿಂದ, ಆರೋಪಿ ಯಾರೆಂದು ತಿಳಿಯದವರೊಬ್ಬರು ಬರುತ್ತಾರೆ. ನೀವು ನೋಡಿದವನು ಈ ಸಾಲಿನಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಮೊದಲೇ ಹೇಳುತ್ತಾರೆ. ಆಗ ತದ್ರೂಪಕ್ಕ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾಳೆ, ಒಳಗೆ ಏನಾಗುತ್ತಿದೆಯೆಂದು ಕಿವಿಗೊಡದೆ. ಆದರೆ ಮುಖಗಳನ್ನು ತರುವ ಕೆಲಸ ಇನ್ನೂ ಆಕೆಯದೇ. ಅದನ್ನು ಬಿಡು, ನಿವೃತ್ತಿಯ ತನಕ ನೆಮ್ಮದಿಯಾಗಿರು ಎಂದು ಅತ್ತೆ ಹೇಳಿದಾಗ, ಕೆಡಿಸಿದವಳೇ ನೆಟ್ಟಗೆ ಮಾಡಲಿ ಬಿಡಿ ಎಂದಳು.

ಇನ್ನೊಂದು ಪ್ರಕರಣಕ್ಕೆ, ಸಾಕ್ಷಿ ನೋಡಿರದ ಜನ ಬೇಕಾಗಿ ಆಕೆ ಬೆಳಗ್ಗೆಯೇ ಕಾಲುವೆ ದಾಟಿದಳು. ಸೇತುವೆಯ ಕೆಳಗೆ ಕೂಲಿಗಾಗಿ ಕಾಯುವವರು ನಿಂತಿದ್ದರು. ಬಣ್ಣದವರು, ಗಾರೆಯವರು, ಮೂಟೆ ಹೊರುವವರು. ಸಮವಸ್ತ್ರ ಕಂಡೊಡನೆ ಗುಂಪು ಎರಡು ಹೋಳಾಗಿ ಸರಿಯಿತು. ಆಕೆ ಒಬ್ಬೊಬ್ಬರ ಬಳಿಯೂ ಹೋಗಿ, ಕೆಲಸ ಏನು, ಯಾಕೆ, ಎಷ್ಟು ಹೊತ್ತು ಎಂದು ತಿಳಿಸಿ ಹೇಳಿದಳು. ಒಬ್ಬ ತಲೆ ಅಲ್ಲಾಡಿಸಿದ. ಇನ್ನೊಬ್ಬ ಕೇಳಿಸದವನಂತೆ ಬೀಡಿ ಹಚ್ಚಿದ. ಚಪ್ಪಟೆ ಮೂಗಿನ ಒಬ್ಬ ಮಧ್ಯವಯಸ್ಕ ಮಾತ್ರ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದ.

"ಅಲ್ಲಿ ನಿಂತ್ರೆ ವಾಪಸ್ ಬಿಡ್ತೀರಾ ಮೇಡಂ?"

"ಬಿಡ್ತಾರೆ. ನಾನೇ ಕರ್ಕೊಂಡು ಬಂದು ಇಲ್ಲೇ ಬಿಡ್ತೀನಿ."

ಅವನು ಬಹಳ ಹೊತ್ತು ಯೋಚಿಸಿದ. ಬೇಡ ಮೇಡಂ, ಮನೇಲಿ ಹೆದರ್ತಾರೆ ಎಂದ. ಆಗಲಿ ಎಂದು ಆಕೆ ತಲೆಯಾಡಿಸಿ, ಅವನ ಪಕ್ಕದಲ್ಲಿದ್ದವನ ಕಡೆ ತಿರುಗಿ, ಮೊದಲಿನಿಂದ ಹೇಳತೊಡಗಿದಳು.